ಕಡಲು ಮುಟ್ಟಿದರೆ ಅರ್ಧ, ಮನೆ ಮುಟ್ಟಿದರೆ ಪೂರ್ತಿ

ಅಳಿಯಾ, ಹೊಸ್ತಿಲ ಹುಣ್ಣಿಮೆಯ ರಾತ್ರಿ ನೀನೂ ನಿನ್ನ ಗೆಳೆಯರೂ ಹರಿಹರದಿಂದ ಕುಮಟಾಕ್ಕೆ ಸೈಕಲ್ ತುಳಿದುಕೊಂಡು ಹೋಗುವ ಸುದ್ದಿ ಕಡರನಾಯಕನಹಳ್ಳಿಯ ಅರ್ಧ ಊರಿಗೆ ಗೊತ್ತಾಗಿದೆ. ಉಳಿದರ್ಧಕ್ಕೆ ನಿಮ್ಮವ್ವನೇ ಹೇಳಿಕೊಂಡು ಬಂದಿದ್ದಾಳೆ. ನಾನು ಬೇಡ ಅನ್ನುತ್ತೇನೆ ಅಂತ ಅವಳ ಆಸೆ. ನಾನು ಅನ್ನುವುದಿಲ್ಲ. ನಿಮ್ಮ ವಯಸ್ಸಿನಲ್ಲಿ ಬೆಳದಿಂಗಳಲ್ಲಿ ಗೆಳೆಯರ ಜತೆ ತುಳಿದು ಸಮುದ್ರ ನೋಡಬೇಕು ಅನ್ನಿಸದಿದ್ದರೆ ಇನ್ಯಾವಾಗ ಅನ್ನಿಸಬೇಕು? ಹೋಗಿ. ಆದರೆ ಹೋಗುವ ಮೊದಲು ಈ ಮಾವನ ನಾಲ್ಕು ಮಾತು ಕಿವಿಗೆ ಹಾಕಿಕೊಂಡು ಹೋಗಿ.

ನಾನು ಹರಿಹರದ ಕಾರ್ಖಾನೆಗಳ ಕಾಲದವನು. ಈಚೆ ದಂಡೆಯಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, ಹೊಳೆ ದಾಟಿದರೆ ಕುಮಾರಪಟ್ಟಣದ ಪಾಲಿಫೈಬರ್ಸ್. ಪಾಳಿಗೆ ಹೋಗುವವರ, ಮುಗಿಸಿ ಬರುವವರ ಸೈಕಲ್‌ಗಳು ಸುತ್ತಲ ಹಳ್ಳಿ ದಾರಿಗಳಲ್ಲಿ ರಾತ್ರಿಯೆಲ್ಲ ಓಡುತ್ತಿದ್ದವು. ಆ ದಾರಿಗಳಲ್ಲಿ ವರ್ಷಗಟ್ಟಲೆ ತುಳಿದ ನಮಗೆ ಗೊತ್ತಿರುವ ಸಂಗತಿ ಒಂದಿದೆ. ಪಾಳಿಗೆ ಹೋಗುವಾಗ ಬಿದ್ದವರು ಕಡಿಮೆ, ಪಾಳಿ ಮುಗಿಸಿ ಬರುವಾಗ ಬಿದ್ದವರೇ ಹೆಚ್ಚು. ಹೋಗುವಾಗ ಮೈಯೆಲ್ಲ ಕಣ್ಣಾಗಿರುತ್ತದೆ. ಬರುವಾಗ ‘ಆಯಿತಲ್ಲ’ ಅನ್ನುವ ಸಡಿಲಿಕೆ ಮೈಗೆ ಬರುತ್ತದೆ, ನಿದ್ದೆ ಅದರ ಬೆನ್ನಿಗೇ ಬರುತ್ತದೆ.

ನೀವು ಬರೆದುಕೊಂಡ ಪಟ್ಟಿಯನ್ನು ಮೊನ್ನೆ ತೋರಿಸಿದೆಯಲ್ಲ, ಅದರಲ್ಲಿ ಹೋಗುವ ದಾರಿ ಊರು ಊರಿಗೆ, ತಾಸು ತಾಸಿಗೆ ಬರೆದಿದೆ. ಬರುವುದಕ್ಕೆ ಒಂದೇ ಸಾಲು: ‘ಹೆಂಗಾದ್ರೂ ಬರ್ತೀವಿ.’ ಅದಕ್ಕೇ ನಾನು ತಿರುಗಾಮುರುಗಾ ಹೇಳುತ್ತೇನೆ. ಮನೆಗೆ ಬರುವುದರಿಂದ ಶುರು ಮಾಡಿ ಹೊರಡುವಲ್ಲಿಗೆ ಬರುತ್ತೇನೆ.

ಕುಮಟಾದಲ್ಲಿ ರೈಲು ನಿಲ್ದಾಣವಿದೆ, ನಿಜ. ಆದರೆ ಕೊಂಕಣ ರೈಲು ಕರಾವಳಿಯ ಉದ್ದಕ್ಕೆ ಓಡುತ್ತದೆ, ಒಂದು ಕಡೆ ಗೋವಾ, ಇನ್ನೊಂದು ಕಡೆ ಮಂಗಳೂರು. ಅದು ಘಟ್ಟ ಹತ್ತಿ ನಮ್ಮ ಕಡೆ ಬರುವುದಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ದಾರಿಯ ಮಾತು ನಾನು ಹುಡುಗನಾಗಿದ್ದಾಗಿನಿಂದ ಕೇಳುತ್ತಿದ್ದೇನೆ, ಹಳಿ ಮಾತ್ರ ಘಟ್ಟ ಇಳಿದಿಲ್ಲ. ಬಸ್ಸಿನಲ್ಲಿ ಒಂದೆರಡು ಸೈಕಲ್ ಹಾಕಿಸಿಕೊಂಡಾರು, ಹತ್ತು ಹನ್ನೆರಡು ಸೈಕಲ್ ಕಂಡರೆ ಕಂಡಕ್ಟರ್ ಬಾಗಿಲನ್ನೇ ತೆಗೆಯುವುದಿಲ್ಲ. ಹಾಗಾಗಿ ಸೈಕಲ್‌ಗಳಿಗೆ ಒಂದು ಲಗೇಜ್ ಗಾಡಿ, ನಿಮಗೆ ಬಸ್ಸೋ ಟೆಂಪೋನೋ, ಹೊರಡುವ ವಾರದ ಮೊದಲೇ ಗೊತ್ತು ಮಾಡಿ ಮುಂಗಡ ಕೊಟ್ಟಿರಿ.

ಗಾಡಿಗಿಂತ ಮುಖ್ಯ ಗಾಡಿ ಹೊಡೆಯುವವನು. ರಾತ್ರಿಯೆಲ್ಲ ನಿಮ್ಮ ಹಿಂದೆ ಆಮೆಯ ಹಾಗೆ ಗಾಡಿ ಓಡಿಸಿಕೊಂಡು ಬಂದ ಡ್ರೈವರ್‌ಗೇ ಮಧ್ಯಾಹ್ನ ಘಟ್ಟ ಹತ್ತಿಸಿಕೊಂಡು ಹೋಗು ಅನ್ನಬೇಡಿ. ಅವನೂ ನಿಮ್ಮಷ್ಟೇ ನಿದ್ದೆಗೆಟ್ಟಿರುತ್ತಾನೆ. ಒಂದೋ ಅವನು ಹಿಂದಿನ ದಿನವೇ ಕುಮಟಾಕ್ಕೆ ಹೋಗಿ ಮಲಗಿರಲಿ, ಇಲ್ಲವೇ ಅಲ್ಲಿಯ ಗಾಡಿಯನ್ನೇ ಹಿಡಿಯಿರಿ. ನಿಮ್ಮಲ್ಲೇ ಯಾರಾದರೂ ‘ನನಗೆ ನಿದ್ದೆ ಇಲ್ಲ, ನಾನೇ ಹೊಡೀತೀನಿ’ ಅಂದರೆ ಅವನ ಕೈಯಿಂದ ಬೀಗದ ಕೈ ಕಸಿದುಕೊಳ್ಳಿ. ಹೊರಡುವ ಮೊದಲು ಊಟ ಮಾಡಿ, ಯಾವುದಾದರೂ ಲಾಡ್ಜಿನಲ್ಲಿ ಮೂರು ನಾಲ್ಕು ತಾಸು ಎಲ್ಲರೂ ಮಲಗಿ. ಆ ಬಾಡಿಗೆಯನ್ನು ಖರ್ಚು ಅಂತ ಲೆಕ್ಕ ಹಾಕಬೇಡಿ.

ಇನ್ನು ಸಮುದ್ರ. ರಾತ್ರಿಯಿಡೀ ತುಳಿದ ಕಾಲಿಗೆ ನೀರು ಕಂಡರೆ ಜಿಗಿಯುವ ಆಸೆ ಬರುತ್ತದೆ. ದಣಿದ ಮೀನಖಂಡಕ್ಕೆ ಸೆಳೆತ ಬರುವುದೂ ಆಗಲೇ. ನಮ್ಮ ಹೊಳೆಯಲ್ಲಿ, ನಾಲೆಯಲ್ಲಿ ಈಜು ಕಲಿತವರಿಗೆ ಕಡಲಿನ ಎಳೆತ ಗೊತ್ತಿರುವುದಿಲ್ಲ. ಅದು ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ಹುಡುಗಿಯರು ಅಲೆಗೆ ಸಿಕ್ಕಿ ಹೋದರು. ಮಳೆಗಾಲವಲ್ಲ, ಬಿರುಗಾಳಿಯಲ್ಲ, ನೀವು ಹೋಗಬೇಕೆಂದಿರುವ ತಿಂಗಳೇ ಅದು. ಆದ್ದರಿಂದ ನೀರು ಮೊಣಕಾಲಿನ ಮಟ್ಟ ದಾಟಬಾರದು. ಇದಕ್ಕೆ ಚರ್ಚೆ ಬೇಡ.

ಈಗ ಘಟ್ಟ. ಅದನ್ನು ಕತ್ತಲಲ್ಲೇ ಇಳಿಯುವ ಅವಸರ ನಿಮಗೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನೀನು ಫೋನಿನಲ್ಲಿ ತೋರಿಸಿದ ಲಂಡನ್ ಸವಾರಿ ನನಗೂ ಮೆಚ್ಚುಗೆಯಾಯಿತು. 1990ರ ದಶಕದ ಆರಂಭದಿಂದ ನಡೆದುಕೊಂಡು ಬಂದಿರುವ ಡನ್ವಿಚ್ ಡೈನಮೋ. ಜುಲೈ ಹುಣ್ಣಿಮೆಯ ಆಸುಪಾಸಿನ ಶನಿವಾರ ಸಂಜೆ ಲಂಡನ್ನಿನ ಹ್ಯಾಕ್ನಿಯಲ್ಲಿ ಸೇರುವುದು, ರಾತ್ರಿಯೆಲ್ಲ ತುಳಿದು ಬೆಳಗಾಗುವ ಹೊತ್ತಿಗೆ ಸುಮಾರು 180 ಕಿಲೋಮೀಟರ್ ದೂರದ ಸಫೋಕ್ ಕರಾವಳಿಯ ಡನ್ವಿಚ್ ಎಂಬ ಹಳ್ಳಿಗೆ ಮುಟ್ಟುವುದು. ಸಾವಿರಕ್ಕೂ ಹೆಚ್ಚು ಜನ ಹೋಗುತ್ತಾರೆ. ನೀವೂ ಹಾಗೇ ಸೂರ್ಯ ಹುಟ್ಟುವ ಹೊತ್ತಿಗೆ ದಂಡೆಯಲ್ಲಿರಬೇಕು ಅಂತ ಬರೆದುಕೊಂಡಿದ್ದೀರಿ. ಆದರೆ ಡನ್ವಿಚ್ ಇರುವುದು ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಅಲ್ಲಿ ಸೂರ್ಯ ಕಡಲಿನಿಂದ ಏಳುತ್ತಾನೆ. ನಮ್ಮ ಕಡಲು ಪಡುವಣದ್ದು. ಕುಮಟಾದಲ್ಲಿ ಸೂರ್ಯ ನಿಮ್ಮ ಬೆನ್ನ ಹಿಂದೆ, ನೀವು ಇಳಿದು ಬಂದ ಘಟ್ಟದ ಮೇಲೆ ಹುಟ್ಟುತ್ತಾನೆ. ದಂಡೆಯಲ್ಲಿ ಬೆಳಗ್ಗೆ ಆರಕ್ಕೆ ಕಾಣುವುದೇನೂ ಹತ್ತಕ್ಕೆ ಕಳೆದುಹೋಗಿರುವುದಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಜುಲೈಯಲ್ಲಿ ಲಂಡನ್ನಿನ ಕತ್ತಲೆ ಎಂಟು ತಾಸಿಗಿಂತ ಕಡಿಮೆ. ಡಿಸೆಂಬರಿನಲ್ಲಿ ನಮ್ಮ ರಾತ್ರಿ ಹನ್ನೆರಡೂವರೆ ತಾಸು. ಹುಣ್ಣಿಮೆಯ ಚಂದ್ರ ಸಂಜೆಗೆ ಹುಟ್ಟಿ ಬೆಳಗ್ಗೆ ಮುಳುಗುತ್ತಾನೆ, ಚಳಿಗಾಲದಲ್ಲಿ ನೆತ್ತಿಯ ಹತ್ತಿರಕ್ಕೇ ಬರುತ್ತಾನೆ. ಬೆಳಕಿಗೂ ಕೊರತೆಯಿಲ್ಲ, ಹೊತ್ತಿಗೂ ಕೊರತೆಯಿಲ್ಲ. ಅವಸರ ಯಾಕೆ?

ಹೀಗೆ ಲೆಕ್ಕ ಹಾಕಿ. ಹರಿಹರದಿಂದ ರಾಣೆಬೆನ್ನೂರು, ಮೋಟೆಬೆನ್ನೂರು ದಾಟಿ ಹಾವೇರಿಗೆ ಸುಮಾರು 55 ಕಿಲೋಮೀಟರ್. ಅಲ್ಲಿಂದ ಹಾನಗಲ್ ಸೀಮೆಯ ಮೇಲೆ ಶಿರಸಿಗೆ 75ರ ಮೇಲೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕತಗಾಲ ದಾಟಿ ಕುಮಟಾಕ್ಕೆ 60. ಒಟ್ಟು ಹೆಚ್ಚೂಕಡಿಮೆ 190, ಊರಿಂದ ಹರಿಹರದ ತನಕ ತುಳಿಯುವುದು ಬೇರೆ. ಸಂಜೆ ಆರಕ್ಕೆ ಹೊಳೆ ಸೇತುವೆ ದಾಟಿ, ಗಂಟೆಗೆ 15 ಕಿಲೋಮೀಟರಿನಂತೆ ತುಳಿದು, ನಡುವೆ ಒಂದೂವರೆ ತಾಸು ಕೂತು ಎದ್ದರೂ ಬೆಳಗಿನ ನಾಲ್ಕರ ಸುಮಾರಿಗೆ ಶಿರಸಿ. ಅಲ್ಲಿ ನಿಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ಗೋಡೆಗೆ ಒರಗಿ, ಚಹಾ ಕುಡಿದು, ಬೆಳಕು ಹರಿದ ಮೇಲೆ ಹೊರಡಿ.

ಶಿರಸಿ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿ. ಆ ಎತ್ತರದ ಬಹುಪಾಲನ್ನು ದೇವಿಮನೆಯ ತಿರುವುಗಳಲ್ಲೇ ಕಳೆದುಕೊಳ್ಳುತ್ತೀರಿ. ಕಾಡಿನೊಳಗೆ ಬೆಳದಿಂಗಳು ನಂಬಿಕೆಗೆ ಯೋಗ್ಯವಲ್ಲ, ಎಲೆಯ ನೆರಳು ಯಾವುದು ಗುಂಡಿ ಯಾವುದು ಅಂತ ತಿಳಿಯುವುದಿಲ್ಲ. ಆ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದು, ಆಗಾಗ ಓಡಾಟವನ್ನೇ ನಿಲ್ಲಿಸಿದ್ದೂ ಉಂಟು. ಹೊರಡುವ ಎರಡು ದಿನ ಮೊದಲು ಶಿರಸಿ ಬಸ್ಸಿನವರನ್ನು ಕೇಳಿ ದಾರಿ ಖಾತ್ರಿ ಮಾಡಿಕೊಳ್ಳಿ. ಇಳಿಯುವಾಗ ಬ್ರೇಕನ್ನು ಒತ್ತಿ ಹಿಡಿದೇ ಇರಬೇಡಿ. ರಿಮ್ ಕಾಯುತ್ತದೆ, ಕಾದ ರಿಮ್ ಟ್ಯೂಬನ್ನು ಹಾಳು ಮಾಡುತ್ತದೆ. ಹಿಡಿದು, ಬಿಟ್ಟು, ಮತ್ತೆ ಹಿಡಿಯಿರಿ, ತಿರುವಿಗೆ ಬರುವ ಮೊದಲೇ ವೇಗ ಇಳಿದಿರಲಿ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ನಾಲ್ಕೈದು ಸೈಕಲ್ ಉದ್ದದ ಜಾಗ ಇರಲಿ. ಅಂಗಿಯೊಳಗೆ ಎದೆಗೆ ದಿನಪತ್ರಿಕೆಯ ಎರಡು ಹಾಳೆ ಇಟ್ಟುಕೊಂಡರೆ ಇಳಿಜಾರಿನ ಗಾಳಿ ಕೊರೆಯುವುದಿಲ್ಲ. ಹಳೆಯ ರಾಡ್ ಬ್ರೇಕಿನ ಸೈಕಲ್ ತರುತ್ತೇನೆ ಅಂತ ಯಾರಾದರೂ ಹಟ ಹಿಡಿದರೆ ಅವರನ್ನು ಶಿರಸಿಯಿಂದ ಬಸ್ಸಿಗೆ ಹತ್ತಿಸಿ. ಆ ಬ್ರೇಕು ನಮ್ಮ ಬಯಲು ಸೀಮೆಗೆ ಸಾಕು, ಘಟ್ಟಕ್ಕಲ್ಲ.

ಘಟ್ಟಕ್ಕಿಂತ ಮೊದಲು ಬರುವ ಶತ್ರು ನಿದ್ದೆ. ರಾತ್ರಿ ಎರಡರಿಂದ ನಾಲ್ಕು, ಹಾನಗಲ್ ದಾಟಿ ಶಿರಸಿಯ ಕಡೆ ಕಾಡು ಶುರುವಾಗುವ ಹೊತ್ತು. ಮೂರನೇ ಪಾಳಿ ಮಾಡಿದ ಯಾರನ್ನು ಬೇಕಾದರೂ ಕೇಳು, ಮೈ ಮಲಗು ಮಲಗು ಅನ್ನುವುದು ಆಗಲೇ. ನಿದ್ದೆ ಬಂತು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀವು ಗುರುತು ಹಿಡಿಯಬೇಕು. ಹರಟುತ್ತಿದ್ದವನು ಸುಮ್ಮನಾಗುತ್ತಾನೆ. ನೇರ ಹೋಗುತ್ತಿದ್ದ ಸೈಕಲ್ಲು ರಸ್ತೆಯ ಅಂಚಿಗೂ ನಡುವಿಗೂ ಓಲಾಡುತ್ತದೆ. ಕಂಡ ಕೂಡಲೇ ಎಲ್ಲರೂ ನಿಲ್ಲಿ. ಮುಖಕ್ಕೆ ನೀರು ಹಾಕಿಕೊಂಡರೆ ಐದು ನಿಮಿಷ ಎಚ್ಚರ, ಅಷ್ಟೇ. ಫ್ಲಾಸ್ಕಿನ ಕಾಫಿಯನ್ನು ಒಂದು ಲೋಟ ಕುಡಿದು, ಬಸ್ ತಂಗುದಾಣದ ಕಲ್ಲುಬೆಂಚಿನ ಮೇಲೆ 20 ನಿಮಿಷ ಕಣ್ಣು ಮುಚ್ಚಿ. ಕಾಫಿ ಮೈಗೆ ಹತ್ತುವುದಕ್ಕೆ ಅಷ್ಟೇ ಹೊತ್ತು ಬೇಕು, ನೀವು ಏಳುವಾಗ ಅದೂ ಎದ್ದಿರುತ್ತದೆ. ಇಬ್ಬರು ಮಾತ್ರ ಎಚ್ಚರ ಇರಲಿ, ಸೈಕಲ್ ಕಾಯುವುದಕ್ಕೂ ಎಬ್ಬಿಸುವುದಕ್ಕೂ. ಎಲ್ಲಕ್ಕಿಂತ ಒಳ್ಳೆಯ ಮದ್ದು ಹಿಂದಿನ ರಾತ್ರಿಯ ಪೂರ್ತಿ ನಿದ್ದೆ, ಹೊರಡುವ ದಿನ ಮಧ್ಯಾಹ್ನ ಉಂಡು ಎರಡು ತಾಸು ಮಲಗುವುದು. ಕೆಲಸದ ಪಾಳಿ ಮುಗಿಸಿ ನೇರ ಬರುತ್ತೇನೆ ಅನ್ನುವವನು ಬರುವುದು ಬೇಡ.

ಊಟದ ಮಾತು. ಹಾವೇರಿ ಬಿಟ್ಟ ಮೇಲೆ ಶಿರಸಿಯ ತನಕ ಆ ಹೊತ್ತಿನಲ್ಲಿ ಬಾಗಿಲು ತೆರೆದ ಅಂಗಡಿ ಸಿಗುತ್ತದೆ ಅಂತ ನಂಬಬೇಡಿ. ನೀರು, ತಿಂಡಿ ಎಲ್ಲವೂ ಹಾವೇರಿಯಲ್ಲೇ ತುಂಬಿಕೊಳ್ಳಬೇಕು. ಹಾಗಂತ ಅಲ್ಲಿ ಕೂತು ರೊಟ್ಟಿ ಊಟ ಬಾರಿಸಿದರೆ ಹಾನಗಲ್ಲಿಗೇ ಕಣ್ಣು ಎಳೆಯುತ್ತದೆ. ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಬಾಳೆಹಣ್ಣು, ಶೇಂಗಾ ಬೆಲ್ಲ, ಒಗ್ಗರಣೆ ಅವಲಕ್ಕಿ, ಬುತ್ತಿಯ ಮೊಸರನ್ನ. ದಾವಣಗೆರೆಯವರು ಅಂತ ಮಂಡಕ್ಕಿ ಮಿರ್ಚಿ ಕಟ್ಟಿಕೊಂಡು ಹೋಗಬೇಡಿ, ಎಣ್ಣೆ ಮೆಣಸಿನಕಾಯಿ ಹೊಟ್ಟೆಯಲ್ಲಿಟ್ಟುಕೊಂಡು ಬಗ್ಗಿ ತುಳಿಯುವುದು ಒಂದು ಶಿಕ್ಷೆ. ಬೆಣ್ಣೆ ದೋಸೆಯನ್ನು ಬಂದ ಮೇಲೆ ನಾನೇ ಕೊಡಿಸುತ್ತೇನೆ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಬೆವರು ಮಾತ್ರ ಹೋಗುತ್ತಲೇ ಇರುತ್ತದೆ. ಗಂಟೆಗೆ ಅರ್ಧ ಲೀಟರ್ ನೀರು ಕುಡಿಯಿರಿ, ಎರಡು ಬಾಟಲಿಯಲ್ಲಿ ಒಂದಕ್ಕೆ ಉಪ್ಪು, ಸಕ್ಕರೆ, ನಿಂಬೆಹಣ್ಣು ಹಾಕಿರಿ.

ಇನ್ನು ಹೆದ್ದಾರಿ. ಹರಿಹರದಿಂದ ಹಾವೇರಿಯ ತನಕ ಪುಣೆ–ಬೆಂಗಳೂರು ರಸ್ತೆ. ಓಡುವ ಲಾರಿ ದೂರದಿಂದಲೇ ಕಾಣುತ್ತದೆ, ಕೇಳುತ್ತದೆ. ಹೆದರಬೇಕಾದದ್ದು ನಿಂತ ಲಾರಿಗೆ. ಅಂಚಿನಲ್ಲಿ ದೀಪ ಆರಿಸಿ ಮಲಗಿರುತ್ತದೆ. ಎರಡನೆಯದು, ಹಿಂದೆ ಒಂದು ಕೆಂಪು ಚೂರೂ ಇಲ್ಲದೆ ಕಬ್ಬು ಹೇರಿಕೊಂಡು ಹೋಗುವ ಟ್ರಾಕ್ಟರ್ ಟ್ರೇಲರ್. ಕೆಲವೊಮ್ಮೆ ಎದುರು ದಿಕ್ಕಿನಲ್ಲೇ ಬರುತ್ತದೆ. ಮೂರನೆಯದು ನಮ್ಮವರದ್ದೇ ಕೆಲಸ. ಇದು ಗೋವಿನಜೋಳದ ಸುಗ್ಗಿ. ಸರ್ವಿಸ್ ರಸ್ತೆಯ ಮೇಲೆ, ಹಳ್ಳಿ ರಸ್ತೆಯ ಮೇಲೆ ಕಾಳು ಹರಡಿ, ಗಾಡಿ ಹತ್ತದಿರಲಿ ಅಂತ ಸುತ್ತ ಕಲ್ಲು ಇಡುತ್ತಾರೆ. ಸಂಜೆ ಕಾಳನ್ನು ಒಟ್ಟಿ ಮುಚ್ಚುತ್ತಾರೆ, ಕಲ್ಲು ಅಲ್ಲೇ ಉಳಿಯುತ್ತದೆ. ಮುಂದೆ ಹೋಗುವವನು ‘ಕಲ್ಲು’, ‘ಗುಂಡಿ’, ‘ಹಂಪ್’ ಅಂತ ಕೂಗಬೇಕು, ಹಿಂದಿನವರು ಒಬ್ಬರಿಂದ ಒಬ್ಬರಿಗೆ ಆ ಕೂಗನ್ನು ಕೊನೆಯ ತನಕ ದಾಟಿಸಬೇಕು.

ನಮ್ಮ ಕಾಲದ ಡೈನಮೋ ದೀಪ ಸೈಕಲ್ ನಿಂತ ಕೂಡಲೇ ಆರಿಹೋಗುತ್ತಿತ್ತು. ನಿಂತವನು ಕತ್ತಲಲ್ಲಿ ಕತ್ತಲಾಗುತ್ತಿದ್ದ. ನಿಮಗೆ ಬ್ಯಾಟರಿ ದೀಪವಿದೆ, ನಿಂತಾಗಲೂ ಹಿಂದಿನ ಕೆಂಪು ದೀಪ ಆರಿಸಬೇಡಿ. ಮುಂದಿನ ದೀಪವನ್ನು ನೆಲದ ಕಡೆ ಬಗ್ಗಿಸಿ, ಎದುರಿನವನ ಕಣ್ಣಿಗೆ ಹೊಡೆದರೆ ಅವನು ಕುರುಡಾಗಿ ನಿಮ್ಮ ಮೇಲೇ ಬರುತ್ತಾನೆ. ಬೆಳಕು ಬಿದ್ದರೆ ಹೊಳೆಯುವ ಜಾಕೆಟ್ ಎಲ್ಲರಿಗೂ ಇರಲಿ, ಹಿಮ್ಮಡಿಯ ಮೇಲೆ ಹೊಳೆಯುವ ಪಟ್ಟಿಯೂ ಇರಲಿ. ಮೇಲೆ ಕೆಳಗೆ ಆಡುವ ಪಟ್ಟಿ ಕಂಡರೆ ಅದು ಸೈಕಲ್ ಅಂತ ಲಾರಿಯವನಿಗೆ ದೂರದಿಂದಲೇ ಗೊತ್ತಾಗುತ್ತದೆ. ಹಳ್ಳಿ ನಾಯಿಗಳು ಅಟ್ಟಿದರೆ ಜೋರು ತುಳಿಯಬೇಡಿ, ಒದೆಯಬೇಡಿ. ಇಳಿದು, ಸೈಕಲ್ಲನ್ನು ನಿಮಗೂ ನಾಯಿಗೂ ನಡುವೆ ಇಟ್ಟುಕೊಂಡು ನಡೆಯಿರಿ. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡ ಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿ. ಆಂಬುಲೆನ್ಸಿಗೆ 108, ಪೊಲೀಸರಿಗೆ 112, ಹೆದ್ದಾರಿಯ ಸಹಾಯಕ್ಕೆ 1033. ಈ ಮೂರೂ ಎಲ್ಲರ ಫೋನಿನಲ್ಲೂ ಇರಲಿ.

ಗುಂಪಿನ ಮಾತು ಉಳಿಯಿತು. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಸೈಕಲ್ ಕ್ಲಬ್ಬುಗಳು ಬ್ರೆವೆ ಎಂಬ ದೂರದ ಸವಾರಿಗಳನ್ನು ನಡೆಸುತ್ತವೆ. ನಿಯಮಗಳು ಪ್ಯಾರಿಸ್ಸಿನ ಒಂದು ಹಳೆಯ ಕ್ಲಬ್ಬಿನವು, ಅದು 1904ರಲ್ಲಿ ಹುಟ್ಟಿದ್ದು. 200 ಕಿಲೋಮೀಟರಿಗೆ ಹದಿಮೂರೂವರೆ ತಾಸು, 300ಕ್ಕೆ 20, 400ಕ್ಕೆ 27. ದಾರಿಯ ನಡುವೆ ಯಾರ ಸಹಾಯದ ಗಾಡಿಯೂ ಹಿಂದೆ ಬರುವಂತಿಲ್ಲ, ಪಂಕ್ಚರ್ ಆದರೆ ನೀವೇ ಹಾಕಿಕೊಳ್ಳಬೇಕು, ರಾತ್ರಿ ದೀಪ, ಹೊಳೆಯುವ ಜಾಕೆಟ್ ಇಲ್ಲದವರನ್ನು ಬಿಡುವುದಿಲ್ಲ. ಆ ಶಿಸ್ತನ್ನು ಎರವಲು ತನ್ನಿ, ಗಡಿಯಾರವನ್ನು ಅಲ್ಲೇ ಬಿಡಿ. ನಿಮ್ಮದು ಪಂದ್ಯವಲ್ಲ. ಲಂಡನ್ನಿನವರದ್ದೂ ಅಲ್ಲ. ಅಲ್ಲಿ ಶುಲ್ಕವಿಲ್ಲ, ಬಹುಮಾನವಿಲ್ಲ, ಸೋತವರನ್ನು ಹತ್ತಿಸಿಕೊಳ್ಳುವ ಗಾಡಿಯೂ ಇಲ್ಲ. ಡನ್ವಿಚ್‌ನಲ್ಲಿ ರೈಲು ನಿಲ್ದಾಣವಿಲ್ಲದ್ದರಿಂದ ವಾಪಸ್ಸಿಗೆ ಬಸ್ಸನ್ನೂ ಸೈಕಲ್‌ಗಳಿಗೆ ಲಾರಿಯನ್ನೂ ಮೊದಲೇ ಕಾದಿರಿಸಿದವರು ಆರಾಮಾಗಿ ಮನೆಗೆ ಬರುತ್ತಾರೆ. ಕಾದಿರಿಸದವರು ದಣಿದ ಕಾಲಲ್ಲೇ ಹತ್ತಿರದ ಸ್ಟೇಷನ್ನಿಗೆ ಮತ್ತೆ ತುಳಿಯುತ್ತಾರೆ.

ಆ ದಾರಿಯ ಹಳ್ಳಿಯವರು ಸಮುದಾಯ ಭವನ ತೆರೆದು ನಡುರಾತ್ರಿ ತಿಂಡಿ ಚಹಾ ಕೊಡುತ್ತಾರಂತೆ. ನಮಗೆ ಅದು ಹೊಸದಲ್ಲ. ದಾವಣಗೆರೆಯಿಂದ ಕೊಟ್ಟೂರಿಗೆ ರಥೋತ್ಸವಕ್ಕೆ ಹೊರಡುವ ಪಾದಯಾತ್ರಿಗಳಿಗೆ ದಾರಿಯುದ್ದಕ್ಕೂ ಊಟ, ನೀರು, ಕಾಲಿಗೆ ಎಣ್ಣೆ ಎಲ್ಲವನ್ನೂ ಜನ ತಾವಾಗಿ ಕೊಡುತ್ತಾರೆ. ಆದರೆ ಆ ಋಣ ಎಷ್ಟೋ ತಲೆಮಾರು ನಡೆದು ಬೆಳೆದದ್ದು. ನಿಮ್ಮನ್ನು ಹಾನಗಲ್ ಕಡೆಯವರು ಇನ್ನೂ ಅರಿಯರು. ನಡುರಾತ್ರಿ ಹತ್ತು ಜನ ಕೂಗಾಡುತ್ತ ಊರೊಳಗೆ ಬಂದರೆ ಕಳ್ಳರು ಅಂದುಕೊಂಡಾರು. ಊರು ಬಂದಾಗ ಮಾತು ಕಡಿಮೆ ಮಾಡಿ, ಹಾಡು ಹಾಕಬೇಡಿ, ಕೂತೆದ್ದ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಚೀಲವೂ ಉಳಿಯಬಾರದು. ಮುಂದಿನ ವರ್ಷ ಚಹಾ ಕೊಡುವವರು ಆಗ ಹುಟ್ಟಿಕೊಳ್ಳುತ್ತಾರೆ.

ಗುಂಪಿನಲ್ಲಿ ಬಲವಾದ ಕಾಲಿನವನನ್ನು ಕೊನೆಯಲ್ಲಿ ಇರಿಸಿ. ಬಲವಿದ್ದವನು ಮುಂದೆ ಹೋದರೆ ಗುಂಪು ಹರಿದು ನಾಲ್ಕು ಚೂರಾಗುತ್ತದೆ. ಅವನು ಕೊನೆಯಲ್ಲಿದ್ದರೆ ಯಾರೂ ಕತ್ತಲಲ್ಲಿ ಒಂಟಿಯಾಗುವುದಿಲ್ಲ. ಅವನ ಹತ್ತಿರ ಸೀಟಿ, ಪಂಪು, ಪಂಕ್ಚರ್ ಸಾಮಾನು, ಒಂದು ಹೆಚ್ಚಿನ ಟ್ಯೂಬು ಇರಲಿ. ಪ್ರತಿ ಊರಿನಲ್ಲಿ ತಲೆ ಎಣಿಸಿ. ಯಾರಾದರೂ ‘ನನ್ನಿಂದಾಗದು’ ಅಂದರೆ ಛೇಡಿಸಬೇಡಿ, ಹಾವೇರಿಯಲ್ಲೋ ಶಿರಸಿಯಲ್ಲೋ ಬಸ್ಸು ಹಿಡಿಯುವುದು ಸೋಲಲ್ಲ. ಹುಡುಗಿಯರೂ ಬರುತ್ತಿದ್ದಾರೆ ಅಂದೆ, ಒಳ್ಳೆಯದು. ಎಲ್ಲಿ ನಿಲ್ಲಬೇಕು, ಎಲ್ಲಿ ಶೌಚಾಲಯವಿದೆ ಅನ್ನುವುದನ್ನು ಅವರನ್ನು ಕೇಳಿಯೇ ತೀರ್ಮಾನಿಸಿ.

ಹೊಸ ಚಡ್ಡಿ, ಹೊಸ ಸೀಟು, ಹೊಸ ಬೂಟು ಯಾವುದನ್ನೂ ಆ ರಾತ್ರಿ ಮೊದಲ ಸಲ ಹಾಕಬೇಡಿ. ಬಟ್ಟೆಯ ಒಂದು ಹೊಲಿಗೆ ಇನ್ನೂರು ಕಿಲೋಮೀಟರಿನಲ್ಲಿ ಚಾಕುವಾಗುತ್ತದೆ. ತೊಡೆಗೆ ಕೊಬ್ಬರಿ ಎಣ್ಣೆಯೋ ವ್ಯಾಸಲಿನೋ ಹಚ್ಚಿಕೊಂಡು ಹೊರಡಿ. ಸೈಕಲ್ಲನ್ನು ವಾರದ ಮೊದಲೇ ಅಂಗಡಿಗೆ ಕೊಟ್ಟು ಬ್ರೇಕ್ ರಬ್ಬರ್, ಚೈನು, ಟೈರು ನೋಡಿಸಿ. ಹಿಂದಿನ ದಿನ ಕೊಟ್ಟರೆ ಅವನು ಬಿಚ್ಚಿದ್ದನ್ನು ಜೋಡಿಸುವ ಹೊತ್ತಿಗೆ ಹುಣ್ಣಿಮೆ ಕಳೆದಿರುತ್ತದೆ.

ಈಗ ಮಾಡಬೇಕಾದ ಕೆಲಸ ಎರಡು. ಮೊದಲು ಕುಮಟಾದ ಗಾಡಿಯವನಿಗೆ ಫೋನ್ ಮಾಡು. ಆಮೇಲೆ ಬರುವ ಶನಿವಾರ ಕತ್ತಲಾದ ಮೇಲೆ ಎಲ್ಲರೂ ಸೇರಿ ರಾಣೆಬೆನ್ನೂರಿನ ತನಕ ಹೋಗಿ, ಅಲ್ಲಿ ಚಹಾ ಕುಡಿದು, ತಿರುಗಿ ಬನ್ನಿ. ಯಾರ ದೀಪ ಅರ್ಧ ದಾರಿಯಲ್ಲಿ ಆರುತ್ತದೆ, ಯಾರು ಕಾಯದೆ ಮುಂದೆ ಓಡುತ್ತಾರೆ, ಯಾರಿಗೆ ಹನ್ನೊಂದಕ್ಕೇ ನಿದ್ದೆ ಬರುತ್ತದೆ ಅನ್ನುವುದೆಲ್ಲ ಆ 50 ಕಿಲೋಮೀಟರಿನಲ್ಲೇ ಗೊತ್ತಾಗುತ್ತದೆ. ಅಲ್ಲಿಂದ ಎಲ್ಲರೂ ಒಟ್ಟಿಗೆ ಬಂದು ಹರಿಹರದ ಸೇತುವೆ ದಾಟಿದರೆ ಕುಮಟಾಕ್ಕೆ ಹೋಗುವ ಯೋಗ್ಯತೆ ನಿಮಗೆ ಬಂದಿದೆ ಅಂತ ತಿಳಿಯಿರಿ. ಬಿಡಿ ಬಿಡಿಯಾಗಿ ಬಂದರೆ ಹುಣ್ಣಿಮೆ ಮುಂದಿನ ತಿಂಗಳೂ ಬರುತ್ತದೆ, ಅಲ್ಲಿಯ ತನಕ ಇನ್ನೆರಡು ಸಲ ರಾಣೆಬೆನ್ನೂರಿಗೆ ಹೋಗಿ ಬನ್ನಿ.